ಟೈಲ್ಸ್ ಆಮೇಲೆ, ಮೊದಲು ಸೂರು

ಹಳೇ ಮನೆ ರಿಪೇರಿಗೆ ಅಂತ ಕರೆಯುವವರು ಸಾಮಾನ್ಯವಾಗಿ ಟೈಲ್ಸ್‌ನಿಂದ ಮಾತು ಶುರು ಮಾಡುತ್ತಾರೆ. ನಾನು ಏಣಿ ಕೇಳುತ್ತೇನೆ. ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಹಳೇ ಮನೆಗಳಲ್ಲಿ ದೊಡ್ಡ ತೊಂದರೆ ಇರುವುದು ತಲೆಯ ಮೇಲೆ.

ನಮ್ಮ ಕಡೆ ಕಲ್ಲಿಗೆ ಬರ ಇಲ್ಲ. ಹಾಗಾಗಿ ಚಪ್ಪಡಿ ಹಾಸಿದ ಸೂರು ಜಾಸ್ತಿ. ಸಂದಿಯಲ್ಲಿ ಸೋರಿದಾಗಲೆಲ್ಲ ಮೇಲೊಂದು ಪದರ ಸಿಮೆಂಟ್ ಎಳೆಸುವುದು ರೂಢಿ. ಅಪ್ಪ ಎರಡು ಸಲ ಎಳೆಸಿರುತ್ತಾರೆ, ಈಗ ಮಗನ ಸರದಿ. 10 ಅಡಿಗೆ 10 ಅಡಿ ಕೋಣೆಯ ಮೇಲೆ ಒಂದು ಇಂಚು ಗಾರೆ ಹಾಕಿದರೆ ಸುಮಾರು ಅರ್ಧ ಟನ್ ಭಾರ. ಅದರ ಮೇಲೆ 1000 ಲೀಟರ್ ಟ್ಯಾಂಕ್ ಕೂರಿಸಿದರೆ ನೀರೇ ಇನ್ನೊಂದು ಟನ್. ಕಂಬಿ ಹಾಕಿದ ಆರ್‌ಸಿಸಿ ಆದರೆ ಬಾಗಿ ಮುನ್ಸೂಚನೆ ಕೊಡುತ್ತದೆ. ಕಲ್ಲು ಕೊಡುವುದಿಲ್ಲ, ಒಂದೇ ಸಲ ಮುರಿಯುತ್ತದೆ. ಅದಕ್ಕೇ ಚಪ್ಪಡಿಯ ಅಡಿಭಾಗದಲ್ಲಿ, ನಡುವೆ, ಕೂದಲೆಳೆಯಷ್ಟು ಬಿರುಕು ಕಂಡರೂ ಅವತ್ತೇ ಕೆಳಗಿನಿಂದ ಜಾಕಿಯ ಆಸರೆ ಕೊಡಿಸುತ್ತೇನೆ. ಮಿಕ್ಕ ಮಾತು ಆಮೇಲೆ.

ಮದ್ರಾಸ್ ತಾರಸಿ, ಅಂದರೆ ಮರದ ಜಂತೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಸೂರಿನ ಮನೆಯಾದರೆ ಜಂತೆ ನೋಡಬೇಕು. ನಡುವೆ ಅಲ್ಲ, ಗೋಡೆಯೊಳಗೆ ಹೋಗುವ ತುದಿಯಲ್ಲಿ. ಮೇಲೆ ಪೇಂಟ್ ಚೆನ್ನಾಗೇ ಇರುತ್ತದೆ. ಅಲ್ಲಿ ಒಂದು ಸ್ಕ್ರೂಡ್ರೈವರ್ ಒತ್ತಿ. ಮರ ಗಟ್ಟಿಯಿದ್ದರೆ ಮೊನೆ ಮಾತ್ರ ಕಚ್ಚುತ್ತದೆ. ಗೆದ್ದಲು ತಿಂದಿದ್ದರೆ ಹಿಡಿಯವರೆಗೂ ಸಲೀಸಾಗಿ ಇಳಿದು, ಹೊರಗೆಳೆದಾಗ ಮಣ್ಣು ಉದುರುತ್ತದೆ. ಹಾಗಂತ ಇಡೀ ಜಂತೆ ಕೀಳಬೇಕಿಲ್ಲ. ಕೆಟ್ಟ ತುದಿ ಕತ್ತರಿಸಿ, ಎರಡೂ ಪಕ್ಕ ಕಬ್ಬಿಣದ ಚಾನೆಲ್ ಕೊಟ್ಟು ಬೋಲ್ಟ್ ಬಿಗಿದರೆ ಎಷ್ಟೋ ಕಡೆ ಸಾಕು.

ಗೋಡೆ ವಿಷಯದಲ್ಲಿ ಮೇಸ್ತ್ರಿಗಳ ಜೊತೆ ನನ್ನ ಜಗಳ ಹಳೆಯದು. ಕೆಳಗಡೆ ತೇವ ಏರಿ ಸುಣ್ಣ ಉದುರುತ್ತಿದ್ದರೆ, 'ಎಲ್ಲಾ ಕೆರೆದು ಸಿಮೆಂಟ್ ಹಾಕ್ಬಿಡೋಣ ಸಾರ್' ಅನ್ನುತ್ತಾರೆ. ಬೇಡ. ಮಣ್ಣಿನ ಗೋಡೆಯ ತೇವ ಸುಣ್ಣದ ಗಾರೆಯ ಮೂಲಕ ಆರುತ್ತದೆ. ಸಿಮೆಂಟ್ ಬಳಿದರೆ ದಾರಿ ಮುಚ್ಚಿ, ಮೊಣಕಾಲೆತ್ತರದ ತೇವ ಕಿಟಕಿ ಮಟ್ಟಕ್ಕೆ ಏರುತ್ತದೆ. ಒಳಗೆ ಕೆರೆಯುವ ಮೊದಲು ಬೀದಿಗೆ ಬಂದು ನೋಡಿ. ಪ್ರತಿ ಸಲ ಕಾಂಕ್ರೀಟ್ ಹಾಕಿದಾಗಲೂ ರಸ್ತೆ ಮೇಲೆದ್ದಿದೆ. ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು, ಅಲ್ವಾ? ಮಳೆ ನೀರು ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಮೊದಲು ಅದಕ್ಕೊಂದು ಚರಂಡಿ ಮಾಡಿ, ಗೋಡೆ ಆರಲು ಬಿಡಿ, ಆಮೇಲೆ ಸುಣ್ಣದ ಗಾರೆ.

ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ. ನಮ್ಮಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಸ್ತ, ಚಿತ್ತೆ ಮಳೆ ಕಳೆದ ಮೇಲೂ ಬಿರುಕು ಗೆರೆ ದಾಟಿಲ್ಲದಿದ್ದರೆ ಅರ್ಧ ಚಿಂತೆ ಕಡಿಮೆ. ಪೂಜೆಗೆ ಮುಹೂರ್ತ ಇಟ್ಟುಕೊಂಡೇ ಬರುವವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಮರದ ಪಟ್ಟಿಯ ಮೇಲೆ ಓಡಿರುವ ಹಳೇ ವೈರಿಂಗ್ ಬಗ್ಗೆ ಚರ್ಚೆಯೇ ಬೇಡ. ಪೂರ್ತಿ ತೆಗೆಸಿ, ಅರ್ಥಿಂಗ್ ಹೊಸದಾಗಿ ಹಾಕಿಸಿ.

ಇನ್ನು, ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ಮನೆ. ಹಾಲ್ ದೊಡ್ಡದು ಮಾಡಲು ನಡುಗೋಡೆ ಒಡೆಯೋಣ ಅನ್ನುತ್ತೀರಿ. ಆ ಗೋಡೆಯ ಮೇಲೆ ಆಚೆ ಮನೆಯ ಜಂತೆಯೂ ಕೂತಿರಬಹುದು. ಪಾಲುಪಟ್ಟಿಯಲ್ಲಿ ಗೋಡೆ ಯಾರದ್ದು ಅಂತ ಓದಿ. ಆಮೇಲೆ ಚಿಕ್ಕಪ್ಪನ ಮನೆಗೆ ಹೋಗಿ ಒಂದು ಕಾಫಿ ಕುಡಿದು, ಆ ಕಡೆಯಿಂದ ಗೋಡೆ ನೋಡಿಕೊಂಡು ಬನ್ನಿ. ಮಾತು ಬಿಟ್ಟಿದ್ದರೆ ಹೇಳಿ, ನಾನೇ ಹೋಗಿ ಬರುತ್ತೇನೆ.