ಊಟಕ್ಕೆ ಔಷಧಿ ಚೀಟಿ ಬರೆದ ಮೌಂಡ್ ಬಾಯೂ

ಸಮುದಾಯ ಆರೋಗ್ಯ ಓದುವವರು ಈ ಊರನ್ನು ಬಿಟ್ಟು ಮುಂದೆ ಹೋಗಬಾರದು. ಅಮೆರಿಕದ ಮಿಸಿಸಿಪಿ ರಾಜ್ಯದ ಡೆಲ್ಟಾ ಸೀಮೆಯಲ್ಲಿರುವ ಮೌಂಡ್ ಬಾಯೂ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು, ಐಸಾಯಾ ಮಾಂಟ್‌ಗೊಮರಿ ಮುಂತಾದವರ ಮುಂದಾಳತ್ವದಲ್ಲಿ, 1887ರಲ್ಲಿ ಕಾಡು ಕಡಿದು ಕಟ್ಟಿಕೊಂಡ ಊರು ಇದು. 1942ರಲ್ಲಿ ಇಲ್ಲಿ ಟಬೋರಿಯನ್ ಆಸ್ಪತ್ರೆ ಶುರುವಾಯಿತು. ಕಪ್ಪು ಜನರದೇ ಒಂದು ಪರಸ್ಪರ ಸಹಾಯ ಸಂಘ, ಬಡ ಸದಸ್ಯರು ಕೊಟ್ಟ ಸಣ್ಣ ಸಣ್ಣ ವಂತಿಗೆಯಿಂದ ಅದನ್ನು ಕಟ್ಟಿತು. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, 1960ರ ದಶಕದಲ್ಲಿ ಹೊರಗಿನ ವೈದ್ಯರು ಬಂದಾಗ ಇಲ್ಲಿ ಸಂಘಟನೆಯ ಅನುಭವ ಆಗಲೇ ಇತ್ತು.

ಈಗ ಆ ಕಾಲದ ಪರಿಸ್ಥಿತಿ ನೋಡಿ. ಹತ್ತಿ ಬಿಡಿಸುವ ಯಂತ್ರ ಬಂತು, ಕಳೆನಾಶಕ ಬಂತು, ಹೊಲದ ಕೂಲಿ ಹೋಯಿತು. ಅದರ ಮೇಲೆ, ಸರ್ಕಾರ ಪುಕ್ಕಟೆ ಕೊಡುತ್ತಿದ್ದ ಹಿಟ್ಟು ಬೇಳೆ ನಿಲ್ಲಿಸಿ ಹಲವು ಕಡೆ ಫುಡ್ ಸ್ಟಾಂಪ್, ಅಂದರೆ ಅಂಗಡಿಯಲ್ಲಿ ಆಹಾರ ಕೊಳ್ಳುವ ಕೂಪನ್, ತಂದರು, ಆದರೆ ಆ ಸ್ಟಾಂಪನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಕೂಲಿಯೇ ಇಲ್ಲದವರು ಎಲ್ಲಿಂದ ಕೊಡಬೇಕು? ಮಕ್ಕಳು ನಿಜವಾಗಿ ಹಸಿದಿದ್ದರು.

ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯರಾದ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್, ಕೇಂದ್ರ ಸರ್ಕಾರದ ಬಡತನ ನಿವಾರಣೆ ಹಣದಿಂದ 1967ರಲ್ಲಿ ಇಲ್ಲಿ ಆರೋಗ್ಯ ಕೇಂದ್ರ ತೆರೆದರು. ಬಹಳ ಪುಸ್ತಕಗಳಲ್ಲಿ ಕಥೆ ಇವರಿಬ್ಬರ ಹೆಸರಿಗೇ ನಿಂತುಬಿಡುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಜಾನ್ ಹ್ಯಾಚ್ ಎಂಬ ಕಪ್ಪು ಸಮಾಜ ಕಾರ್ಯಕರ್ತ ಹಳ್ಳಿ ಹಳ್ಳಿ ತಿರುಗಿ, ಚರ್ಚುಗಳಲ್ಲಿ ಕೂತು ಮಾತಾಡಿ, ಸ್ಥಳೀಯ ಆರೋಗ್ಯ ಸಂಘಗಳನ್ನು ಕಟ್ಟಿದರು. ನಿಮಗೆ ಏನು ಬೇಕು ಅಂತ ಕೇಳಿದರೆ ಜನ ಹೇಳಿದ್ದು ಊಟ, ಕೆಲಸ, ಕುಡಿಯುವ ನೀರು, ಸರಿಯಾದ ಮನೆ. ಹಾಗಾಗಿ ಆರೋಗ್ಯ ಕೇಂದ್ರದವರು ಬಾವಿ ತೋಡಿದರು, ಶೌಚಾಲಯ ಕಟ್ಟಿದರು, ಕಿಟಕಿಗೆ ಜಾಲರಿ ಹಾಕಿದರು.

ಅಪೌಷ್ಟಿಕತೆ ಇರುವ ಮಗು ಬಂದರೆ ವೈದ್ಯರು ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಅಂತಲೇ ಬರೆಯುತ್ತಿದ್ದರು! ಕಪ್ಪು ಜನರ ದಿನಸಿ ಅಂಗಡಿಗಳು ಸಾಮಾನು ಕೊಟ್ಟು ಬಿಲ್ಲನ್ನು ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಿದ್ದವು, ಹಣ ಹೋಗುತ್ತಿದ್ದದ್ದು ಔಷಧಿ ಖಾತೆಯಿಂದ. ಅಧಿಕಾರಿಗಳು ಆಕ್ಷೇಪ ತೆಗೆದರು. ಅಪೌಷ್ಟಿಕತೆಗೆ ಔಷಧಿ ಆಹಾರವೇ, ನಮ್ಮ ವೈದ್ಯಕೀಯ ಪುಸ್ತಕದಲ್ಲೂ ಅದೇ ಇದೆ ಅಂತ ಗೈಗರ್ ಉತ್ತರ ಕೊಟ್ಟರು. ಆ ಉತ್ತರಕ್ಕೆ ಯಾರ ಬಳಿ ಏನು ಪ್ರತಿವಾದ ಇರಲು ಸಾಧ್ಯ?

ಆದರೆ ಚೀಟಿ ಎಷ್ಟು ದಿನ ನಡೆದೀತು, ಅಲ್ವಾ? ಹೊಲದ ಕೆಲಸ ಬಲ್ಲ ಜನ ಅಲ್ಲೇ ಕೈಕಟ್ಟಿ ಕೂತಿದ್ದರು. ಅವರೇ ಸೇರಿ ನಾರ್ತ್ ಬೊಲಿವರ್ ಕೌಂಟಿ ಕೃಷಿ ಸಹಕಾರ ಸಂಘ ಮಾಡಿಕೊಂಡು, ಹತ್ತಿ ನೆಲದ ಸೀಮೆಯಲ್ಲಿ ಹೊಟ್ಟೆಗೆ ಬೇಕಾದ ಕಾಳು, ಸೊಪ್ಪು, ತರಕಾರಿ ಬೆಳೆದರು.

ಶಿಕ್ಷಣದ ಭಾಗಕ್ಕೆ ಬನ್ನಿ, ಇದನ್ನು ಆರೋಗ್ಯದಿಂದ ಬೇರೆ ಮಾಡಿ ಓದಬೇಡಿ. ಕೇಂದ್ರದಲ್ಲಿ ಸ್ಥಳೀಯರಿಗೆ ಕೆಲಸ ಸಿಕ್ಕಿತು, ಜೊತೆಗೆ ಹೈಸ್ಕೂಲು ಮುಗಿಸಲು, ಕಾಲೇಜು ಸೇರಲು ಬೆಂಬಲವೂ ಸಿಕ್ಕಿತು. ಅಲ್ಲಿಂದ ನರ್ಸುಗಳು, ವೈದ್ಯರು, ಸಮಾಜ ಕಾರ್ಯಕರ್ತರು ಬಂದರು. ಎಲ್. ಸಿ. ಡಾರ್ಸಿಯವರನ್ನು ನೆನಪಿಡಿ. ಪಾಲಿಗೆ ಹೊಲ ಮಾಡುವ ಕುಟುಂಬದಲ್ಲಿ ಹುಟ್ಟಿದ, ಓದು ಅರ್ಧಕ್ಕೇ ನಿಂತಿದ್ದ ಹೆಣ್ಣುಮಗಳು. ಕೃಷಿ ಸಂಘವನ್ನು ನಡೆಸಿದರು, ಮುಂದೆ ಡಾಕ್ಟರೇಟ್ ತನಕ ಓದಿದರು, ಕೊನೆಗೆ ಅದೇ ಆರೋಗ್ಯ ಕೇಂದ್ರದ ಮುಖ್ಯಸ್ಥೆಯಾದರು. ಈ ಇಡೀ ಪಾಠದಲ್ಲಿ ನನಗೆ ತುಂಬಾ ಹಿಡಿಸಿದ್ದು ಇವರ ಬದುಕು.

ಗೈಗರ್ ಮತ್ತು ಗಿಬ್ಸನ್ ಅವರೇ ತೆರೆದಿದ್ದ ಬಾಸ್ಟನ್‌ನ ಕೊಲಂಬಿಯಾ ಪಾಯಿಂಟ್ ಆರೋಗ್ಯ ಕೇಂದ್ರ ಮತ್ತು ಇದು, ಈ ಎರಡರಿಂದ ಬೆಳೆದ ಅಮೆರಿಕದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇವತ್ತು 3 ಕೋಟಿಗೂ ಜಾಸ್ತಿ ಜನ ಚಿಕಿತ್ಸೆ ಪಡೆಯುತ್ತಾರೆ. ಪರೀಕ್ಷೆಗೆ ಓದುವವರು ಒಂದು ನಿಯಮ ಗುರುತು ಹಾಕಿಕೊಳ್ಳಿ: ಇಂಥ ಕೇಂದ್ರದ ಆಡಳಿತ ಮಂಡಳಿಯಲ್ಲಿ ಕನಿಷ್ಠ 51 ಶೇಕಡಾ ಸದಸ್ಯರು ಅಲ್ಲೇ ಚಿಕಿತ್ಸೆ ಪಡೆಯುವವರಾಗಿರಬೇಕು. ಅಂದರೆ ಬಹುಮತ ರೋಗಿಗಳದ್ದೇ.