ಡಾಂಬರು ಮೊದಲು, ಕಾಡು ಆಮೇಲೆ: ನೆರವಿನ ಹಣಕ್ಕೆ ಪರಿಸರದ ಲೆಕ್ಕ ಸೇರಿದ ಕಥೆ

1981ರಲ್ಲಿ ವಿಶ್ವಬ್ಯಾಂಕ್ ಬ್ರೆಜಿಲ್‌ನ ಪೊಲೊನೊರೊಯೆಸ್ಟೆ ಎಂಬ ಯೋಜನೆಗೆ ಸಾಲ ಕೊಟ್ಟಿತು. ಕುಯಾಬಾದಿಂದ ಪೋರ್ಟೊ ವೆಲ್ಯೊವರೆಗಿನ ಹೆದ್ದಾರಿಗೆ ಡಾಂಬರು ಹಾಕಿ, ಆ ಭಾಗದಲ್ಲಿ ಬಡ ಕುಟುಂಬಗಳಿಗೆ ಭೂಮಿ, ನೆಲೆ ಒದಗಿಸುವುದು ಉದ್ದೇಶ. ಕಾಡನ್ನೂ ಮೂಲನಿವಾಸಿಗಳನ್ನೂ ಕಾಪಾಡುತ್ತೇವೆ ಎಂದು ಕಾಗದದಲ್ಲಿ ಬರೆದಿತ್ತು. ಡಾಂಬರು ಬೇಗ ಬಿತ್ತು, ಕಾಪಾಡುವ ಕೆಲಸ ಹಿಂದೆ ಉಳಿಯಿತು. ಹೆದ್ದಾರಿ ಹಾದುಹೋಗುವ ರೊಂಡೋನಿಯಾ ರಾಜ್ಯಕ್ಕೆ ಜನ ನುಗ್ಗಿ ಕಾಡು ಕಡಿದು ಸುಟ್ಟರು. ಆ ಮಣ್ಣು ಬಹಳ ಕಡೆ ಬೇಸಾಯಕ್ಕೆ ಒಗ್ಗಲಿಲ್ಲ. ಮಲೇರಿಯಾ ಹರಡಿತು. ಕಾಡೂ ಹೋಯಿತು, ಬಡವರ ಬದುಕೂ ಹಸನಾಗಲಿಲ್ಲ. 1985ರಲ್ಲಿ ಬ್ಯಾಂಕ್ ಹಣ ತಡೆಹಿಡಿಯಿತು.

ಪರಿಸರದ ಬಗ್ಗೆ ಬ್ಯಾಂಕಿಗೆ ಆಗ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. 1970ರಲ್ಲೇ ಅಲ್ಲಿ ಪರಿಸರ ಸಲಹೆಗಾರರೊಬ್ಬರು ಇದ್ದರು. ಆದರೆ ಯೋಜನೆ ಹೆಚ್ಚುಕಡಿಮೆ ತಯಾರಾದ ಮೇಲೆ ಅವರ ಮೇಜಿಗೆ ಬಂದರೆ ಏನು ಬದಲಾಯಿಸಲು ಸಾಧ್ಯ? ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಕೂಡ ತಾನಾಗಿ ಎಚ್ಚೆತ್ತುಕೊಳ್ಳಲಿಲ್ಲ. ಹೊರದೇಶಗಳಿಗೆ ಅದು ಕೊಡುತ್ತಿದ್ದ ಕೀಟನಾಶಕಗಳ ವಿಚಾರವಾಗಿ 1975ರಲ್ಲಿ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಮರುವರ್ಷ, ಯೋಜನೆಗೆ ಮೊದಲು ಪರಿಸರದ ಮೇಲಿನ ಪರಿಣಾಮ ನೋಡಬೇಕೆಂಬ ನಿಯಮ ಬಂತು.

ಬಡ ದೇಶಗಳಿಗೆ ಇದ್ದ ಅನುಮಾನವೇ ಬೇರೆ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಇಂದಿರಾ ಗಾಂಧಿ ಬಡತನವನ್ನು ಬಿಟ್ಟು ಪರಿಸರದ ಮಾತಾಡಲು ಆಗದು ಎಂಬ ವಾದ ಮುಂದಿಟ್ಟರು. ಶ್ರೀಮಂತ ದೇಶಗಳು ಹೊಗೆ ಬಿಟ್ಟು ಬೆಳೆದವು, ಈಗ ನಮಗೆ ಷರತ್ತು ಹಾಕುತ್ತವೆ ಎಂಬ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಅದರಲ್ಲಿ ನ್ಯಾಯ ಇತ್ತು, ಇವತ್ತಿಗೂ ಇದೆ.

1987ರಲ್ಲಿ ಬ್ಯಾಂಕಿನ ಅಧ್ಯಕ್ಷ ಬಾರ್ಬರ್ ಕೊನೆಬಲ್ ಪೊಲೊನೊರೊಯೆಸ್ಟೆಯಲ್ಲಿ ತಪ್ಪಾಗಿದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಪರಿಸರಕ್ಕೇ ಒಂದು ವಿಭಾಗ ಹುಟ್ಟಿತು. 1989ರಲ್ಲಿ ಪರಿಸರ ಪರಿಣಾಮ ಅಧ್ಯಯನದ ನಿಯಮ ಬಂತು. ಅಷ್ಟರಲ್ಲಿ ನರ್ಮದಾ ಕಣಿವೆಯ ಜನ ಬ್ಯಾಂಕ್ ಸಾಲ ಕೊಟ್ಟಿದ್ದ ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ಎದ್ದು ನಿಂತಿದ್ದರು. ಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಕಟುವಾದ ವರದಿ ಕೊಟ್ಟಿತು. 1993ರಲ್ಲಿ ಭಾರತ ಉಳಿದ ಸಾಲವೇ ಬೇಡ ಎಂದಿತು. ಅದೇ ವರ್ಷ, ಯೋಜನೆಯಿಂದ ತೊಂದರೆಗೊಳಗಾದವರು ನೇರವಾಗಿ ದೂರು ಕೊಡಬಹುದಾದ ತಪಾಸಣಾ ಮಂಡಳಿ ಬ್ಯಾಂಕಿನಲ್ಲಿ ರಚನೆಯಾಯಿತು. ಈ ಇಡೀ ಇತಿಹಾಸದಲ್ಲಿ ನನಗೆ ಜಾಸ್ತಿ ಮುಖ್ಯವೆನಿಸುವುದು ಇದೇ. ಮನೆ ಮುಳುಗುವವರ ಮಾತಿಗೆ ಕೊನೆಗೂ ಒಂದು ಬಾಗಿಲು ತೆರೆಯಿತು.

ಆದರೆ ಹಾನಿ ತಡೆಯುವುದು ಬೇರೆ, ಮೊದಲಿನಿಂದಲೇ ಪರಿಸರವನ್ನು ಲೆಕ್ಕಕ್ಕೆ ಹಿಡಿಯುವುದು ಬೇರೆ ಅಲ್ವಾ? ರಸ್ತೆ ಕಾಡಿನ ನಡುವೆ ಹೋಗಬೇಕೇ ಎಂದು ನಕ್ಷೆ ಬರೆಯುವ ಮೊದಲೇ ಕೇಳಬೇಕು. ನೆರವು ಹೇಗಿರಬೇಕು ಎಂಬ ಕುರಿತ 2005ರ ಪ್ಯಾರಿಸ್ ಘೋಷಣೆಯ ನಂತರ, ನೆರವು ಪಡೆಯುವ ದೇಶದ ಸ್ವಂತ ಯೋಜನೆಯೇ ಮುಂದಿರಬೇಕು ಎಂಬ ಮಾತು ಬಲವಾಯಿತು. ಇದು ಸರಿಯಾದ ದಾರಿ. ಆದರೆ ಬಜೆಟ್ ಹಂಚುವ ಹಣಕಾಸು ಸಚಿವಾಲಯದ ಎದುರು ಪರಿಸರ ಸಚಿವಾಲಯದ ಮಾತು ನಡೆಯುವುದು ಕಡಿಮೆ.

ಇನ್ನು ಹಣ. ಹವಾಮಾನ ಕೆಲಸಗಳಿಗಾಗಿ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು 2009ರಲ್ಲಿ ಶ್ರೀಮಂತ ದೇಶಗಳು ಮಾತು ಕೊಟ್ಟವು. ಬಹುಪಾಲು ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಘಟನೆ ಒಇಸಿಡಿಯ ಲೆಕ್ಕದ ಪ್ರಕಾರ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ. ಹೊಗೆ ಹೆಚ್ಚು ಬಿಟ್ಟಿದ್ದು ಬೇರೆಯವರು. ಸಮುದ್ರಕ್ಕೆ ತಡೆಗೋಡೆ ಕಟ್ಟಲು ತಂದ ಸಾಲವನ್ನು ತೀರಿಸಬೇಕಾದದ್ದು ಬಡ ದೇಶ.