ಮ್ಯಾರಥಾನ್ ಪೇಸಿಂಗ್: ಮೊದಲ 5 ಕಿ.ಮೀ.ನಲ್ಲಿ ಬಿಡುವ 50 ಸೆಕೆಂಡ್

ಮೊದಲ ಫುಲ್ ಮ್ಯಾರಥಾನ್‌ಗೆ ತಯಾರಾಗುತ್ತಿರುವವರಿಗೆ ಈ ಟಿಪ್ಪಣಿ. ನನ್ನ ಮೊದಲ ಫುಲ್‌ನಲ್ಲಿ ಪೇಸ್, ಅಂದರೆ ಒಂದು ಕಿ.ಮೀ.ಗೆ ಹಿಡಿಯುವ ಸಮಯ, ಪೂರ್ತಿ ಕೆಟ್ಟಿತ್ತು, ಅಲ್ಲಿಂದಲೇ ಶುರು ಮಾಡುತ್ತೇನೆ.

ಗುರಿ 4 ಗಂಟೆ. 240 ನಿಮಿಷವನ್ನು ಫುಲ್‌ನ ದೂರ 42.195 ಕಿ.ಮೀ.ಯಿಂದ ಭಾಗಿಸಿದರೆ ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್, ಅಂದರೆ 5:41. ಬೆಳಗಿನ ತಂಪು, ಸುತ್ತ ಜನ, ಎರಡು ವಾರ ಕಡಿಮೆ ಓಡಿ ಹಗುರಾಗಿದ್ದ ಕಾಲು. 5:25ರಲ್ಲಿ ಹೋಗುತ್ತಿದ್ದರೂ ಸುಮ್ನೆ ಜಾಗಿಂಗ್ ಮಾಡಿದ ಹಾಗಿತ್ತು. ಈಗಲೇ ಸ್ವಲ್ಪ ಟೈಮ್ ಉಳಿಸಿಕೊಂಡರೆ ಸುಸ್ತಾದಾಗ ಬೇಕಾಗುತ್ತೆ ಅಂದುಕೊಂಡೆ. 10 ಕಿ.ಮೀ.ಗೆ ಉಳಿದದ್ದು 2 ನಿಮಿಷ 40 ಸೆಕೆಂಡ್. 32 ಕಿ.ಮೀ. ದಾಟಿದ ಮೇಲೆ ತೊಡೆ ಕಲ್ಲಾಯಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಬೆರಳಿಗೆ ಬಲ ಇರಲಿಲ್ಲ, ಅಲ್ಲಿದ್ದ ಹುಡುಗ ತೆಗೆದುಕೊಟ್ಟ. ಕೊನೆಯ 10 ಕಿ.ಮೀ. 7:30ರ ಲೆಕ್ಕದಲ್ಲಿ ಮುಗಿಯಿತು. ಹೋದದ್ದು 18 ನಿಮಿಷ.

ಯಾಕೆ ಹೀಗೆ? ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ರೂಪದಲ್ಲಿ ಇರುವುದು ಸುಮಾರು 2000 ಕ್ಯಾಲೊರಿ. ಓಟಕ್ಕೆ ಒಂದು ಕಿಲೋ ತೂಕಕ್ಕೆ, ಒಂದು ಕಿ.ಮೀ.ಗೆ, ಹೆಚ್ಚುಕಡಿಮೆ 1 ಕ್ಯಾಲೊರಿ ಬೇಕು. 60 ಕಿಲೋ ಇರುವವರಿಗೆ ಒಟ್ಟು 2500. ಕೊರತೆಯನ್ನು ಕೊಬ್ಬು ತುಂಬುತ್ತದೆ, ಆದರೆ ಅದು ನಿಧಾನಕ್ಕೆ ಉರಿಯುತ್ತದೆ. ವೇಗ ಹೆಚ್ಚಿದಷ್ಟೂ ದೇಹ ಗ್ಲೈಕೋಜನ್ನನ್ನೇ ಜಾಸ್ತಿ ಕೇಳುತ್ತದೆ. ಶುರುವಿನ ಆ 16 ಸೆಕೆಂಡಿನ ಅವಸರಕ್ಕೆ ನಾನು ಖರ್ಚು ಮಾಡಿದ್ದು ಕೊನೆಗೆ ಬೇಕಿದ್ದ ಇಂಧನ. ದಾರಿಯಲ್ಲಿ ಜೆಲ್ (ಓಡುತ್ತಲೇ ನುಂಗುವ ಸಕ್ಕರೆಯ ಪಾಕ) ತಗೊಂಡರೆ ಸಹಾಯ ಆಗುತ್ತದೆ, ಕೆಟ್ಟ ಪೇಸನ್ನು ಅದು ಸರಿಮಾಡುವುದಿಲ್ಲ.

ಇನ್ನೊಂದು ತಪ್ಪು ಗುರಿಯಲ್ಲೇ ಇತ್ತು. ನನ್ನ ಹಾಫ್ (ಅರ್ಧ ಮ್ಯಾರಥಾನ್) 2 ಗಂಟೆ, ಹಾಗಾಗಿ ಫುಲ್ 4 ಅಂತ ಲೆಕ್ಕ ಹಾಕಿದ್ದೆ. ಓಟಗಾರರು ಬಳಸುವ ರೀಗಲ್ ಸೂತ್ರದಲ್ಲಿ ದೂರ ದುಪ್ಪಟ್ಟಾದರೆ ಸಮಯ ಸುಮಾರು 2.085 ಪಟ್ಟು. ಅಂದರೆ 4 ಗಂಟೆ 10 ನಿಮಿಷ. ಅದೂ ಉದ್ದ ಓಟಗಳನ್ನು ಸರಿಯಾಗಿ ಮಾಡಿದ್ದರೆ ಮಾತ್ರ.

ನಿಜವಾಗಲೂ 4 ಗಂಟೆಗೆ ತಯಾರಿರುವವರು ಹೀಗೆ ಮಾಡಿನೋಡಿ. ಮೊದಲ 5 ಕಿ.ಮೀ. 5:50ರಲ್ಲಿ. ಉಳಿದ 37.195 ಕಿ.ಮೀ. 5:40ರಲ್ಲಿ. ಒಟ್ಟು 3:59:56! 5:40ಕ್ಕೆ ಹೋಲಿಸಿದರೆ ಶುರುವಿನಲ್ಲಿ ಬಿಟ್ಟುಕೊಟ್ಟದ್ದು ಬರೀ 50 ಸೆಕೆಂಡ್. ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನೀವು ಜೋರಾಗಿ ಓಡುತ್ತಿದ್ದೀರಿ ಅಂತಲೇ ಅರ್ಥ. ಪೇಸರ್ (ನಿಗದಿತ ಸಮಯಕ್ಕೆ ಮುಗಿಸುವಂತೆ ಒಂದೇ ಪೇಸ್‌ನಲ್ಲಿ ಓಡಿ ದಾರಿ ತೋರುವವರು) ಜೊತೆಗಿನ ಗುಂಪನ್ನು ನಮ್ಮಲ್ಲಿ ‘ಬಸ್’ ಅನ್ನುತ್ತಾರಲ್ಲ, ಅದನ್ನು ಹತ್ತಬಹುದು. ಆದರೆ ಮೊದಲ 3 ಕಿ.ಮೀ.ನಲ್ಲೇ ಏದುಸಿರು ಬಂದರೆ ಇಳಿದುಬಿಡಿ.

ದೊಡ್ಡ ಹೆಸರಿನ ಓಟಗಾರರಲ್ಲೂ ಎರಡು ಭಾಗದ ವ್ಯತ್ಯಾಸ ಬಹಳ ಸಣ್ಣದು. 2018ರ ಬರ್ಲಿನ್‌ನಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಓಡಿದ ಮೊದಲರ್ಧ 61:06, ಎರಡನೆಯದು 60:33. 2023ರ ಶಿಕಾಗೋದಲ್ಲಿ ಅದೇ ದೇಶದ ಕೆಲ್ವಿನ್ ಕಿಪ್ಟಮ್ 60:48, ಆಮೇಲೆ 59:47. ಎರಡೂ ಆಗಿನ ವಿಶ್ವದಾಖಲೆ. ಆದರೆ 2022ರ ಬರ್ಲಿನ್‌ನಲ್ಲಿ ಕಿಪ್ಚೋಗೆ 59:51ಕ್ಕೆ ಅರ್ಧ ಮುಗಿಸಿ, ಉಳಿದದ್ದಕ್ಕೆ 61:18 ತಗೊಂಡರು, ಆಗಲೂ ದಾಖಲೆ ಬಂತು. ಹಾಗಾಗಿ ಎರಡನೇ ಅರ್ಧ ವೇಗವಾಗಿರಲೇಬೇಕು ಅಂತ ಹಟ ಬೇಡ.

ಸೆಕೆಂಡಿನ ಹಟ ಏರಿನಲ್ಲೂ ಬೇಡ. ಮುಂಬೈ ಮ್ಯಾರಥಾನ್‌ನಲ್ಲಿ ಪೆಡ್ಡರ್ ರೋಡ್ ಏರು ವಾಪಸ್ ಬರುವಾಗ, ಕಾಲು ಸೋತ ಹೊತ್ತಿಗೆ ಸಿಗುತ್ತದೆ. ಜೊತೆಗೆ ಸಮುದ್ರದ ಸೆಕೆ. ಬೆಂಗಳೂರಿನ ತಂಪಿನಲ್ಲಿ ಓಡಿ ರೂಢಿಯಾದವರಿಗೆ ಅದು ಇನ್ನೂ ಜಾಸ್ತಿ ಕಾಡುತ್ತದೆ. ಅಲ್ಲಿ ಉಸಿರಾಟ ಮೊದಲಿನಂತೆ ಇರಲಿ, ಪೇಸ್ ಇಳಿದರೆ ಇಳಿಯಲಿ.

ಇನ್ನು ವಾಚ್. ತಿರುವುಗಳಲ್ಲಿ ಹೊರಗಿನಿಂದ ಸುತ್ತಿ ಓಡಿದರೆ ವಾಚ್‌ನಲ್ಲಿ 42.6 ಕಿ.ಮೀ. ಬರಬಹುದು. ಆಗ ವಾಚಿನ 5:41 ನಂಬಿದರೆ 4 ಗಂಟೆಗೆ 2 ನಿಮಿಷ ಮೀರುತ್ತದೆ. ರಸ್ತೆಬದಿಯ ಕಿ.ಮೀ. ಬೋರ್ಡನ್ನೇ ನೋಡಿ. ನಾನೀಗ ಮುಂಗೈ ಮೇಲೆ ನಾಲ್ಕು ಸಾಲು ಬರೆದುಕೊಳ್ಳುತ್ತೇನೆ: 5 ಕಿ.ಮೀ.ಗೆ 29:10, 10ಕ್ಕೆ 57:30, ಹಾಫ್‌ಗೆ 2:00:23, 32ಕ್ಕೆ 3:02:10. ಬಾಲ್ ಪೆನ್ ಬೆವರಿಗೆ ಅಳಿಸಿಹೋಗುತ್ತದೆ, ಮಾರ್ಕರ್ ತಗೊಳ್ಳಿ.